ಬೂದಿ ಮುಚ್ಚಿದ ಕೆಂಡ



ನಮ್ಮ ಪತ್ರಿಕೆಯ ಕಚೇರಿಯಲ್ಲಿ, ನನ್ನ ಮೇಜಿನ ಖಾನೆಯೊಳಗೆ ಒಂದು ಪತ್ರ 11 ತಿಂಗಳು ಹಾಗೆಯೇ ಬಿದ್ದಿತ್ತು. ಬರೆದವರು ನಮ್ಮ ಹಳೆಯ ಚಂದಾದಾರರು, ನಿವೃತ್ತ ಶಿಕ್ಷಕರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಪತ್ರದ ಸಾರ ಇಷ್ಟು: "ನಿಮ್ಮ ಪತ್ರಿಕೆಯಲ್ಲಿ ಒಂದು ವರ್ಷದ ಶಿವಾನುಭವ ಗೋಷ್ಠಿಗಳ ವರದಿ ಓದಿದೆ. ಅಕ್ಕಮಹಾದೇವಿಯ ಬಗ್ಗೆ ಮಾತನಾಡಿದವರು ಗಂಡಸರು. ಆಯ್ದಕ್ಕಿ ಲಕ್ಕಮ್ಮನ ಬಗ್ಗೆ ಮಾತನಾಡಿದವರೂ ಗಂಡಸರೇ. ಹೆಣ್ಣುಮಕ್ಕಳು ಪ್ರಾರ್ಥನೆ ಹಾಡಿದ್ದಾರೆ, ದಾಸೋಹದಲ್ಲಿ ಬಡಿಸಿದ್ದಾರೆ. ಇದು ಅನುಭವ ಮಂಟಪವೋ, ಬೀಗರ ಊಟವೋ?"

ಓದಿ ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಬೆವರು ಸುರಿಸಿ ಪತ್ರಿಕೆ ನಡೆಸುವವನಿಗೆ ಇದೇ ಬಹುಮಾನವೇ ಎನ್ನಿಸಿತು. ಆದರೆ ಉತ್ತರ ಬರೆಯುವಾಗ ಕೈ ಬೇರೆಯದನ್ನೇ ಬರೆಯಿತು: "ತಮ್ಮ ಅಮೂಲ್ಯ ಸಲಹೆಯನ್ನು ಶಿರಸಾವಹಿಸಿದ್ದೇವೆ. ಶರಣು ಶರಣಾರ್ಥಿಗಳು." ಆಮೇಲೆ ಪತ್ರವನ್ನು ಖಾನೆಗೆ ಹಾಕಿದೆ. ಅವರಿಂದ ಬಂದ ಎರಡು ಲೇಖನಗಳನ್ನು "ಸ್ಥಳಾಭಾವದಿಂದ" ಬಿಟ್ಟೆ. ಜಾತ್ರೆಯಲ್ಲಿ ಎದುರಾದಾಗ ಕೈಮುಗಿದು ನಕ್ಕೆ. ಇದನ್ನೆಲ್ಲ ಬಹಳ ದಿನಗಳವರೆಗೆ ನನ್ನ ತಾಳ್ಮೆ ಎಂದೇ ತಿಳಿದಿದ್ದೆ.

ಆ ತಿಳಿವಳಿಕೆಯನ್ನು ಕೆಡವಿದ್ದು ಒಂದು ಇಂಗ್ಲಿಷ್ ಕವಿತೆ. ಪದವಿ ತರಗತಿಯಲ್ಲಿರುವ ಮೊಮ್ಮಗಳು ತನ್ನ ಪಠ್ಯದ ಪದ್ಯವೊಂದನ್ನು ತಂದು ಅರ್ಥ ಕೇಳಿದಳು. ಹೇಳಿದೆ. ಕೇಳಿಸಿಕೊಂಡು ಅವಳು ಕೇಳಿದ್ದು: "ಅಜ್ಜಾ, ನಮ್ಮ ಮನ್ಯಾಗ ಎಲ್ಲಾರೂ ಸಿಟ್ಟು ಮಾಡಬ್ಯಾಡ, ಸಿಟ್ಟು ನುಂಗು ಅಂತೀರಿ. ಈ ಕವಿ ನೋಡಿದ್ರ, ಸಿಟ್ಟು ನುಂಗಿದ್ರ ಹೆಣ ಬೀಳ್ತೈತಿ ಅಂತಾನ. ಇದರಾಗ ಯಾವುದು ಖರೆ?"

ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈ ತಿಂಗಳ ಸಂಪಾದಕೀಯ ಅವಳ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಕವಿ ಮತ್ತು ಕವಿತೆ

ಕವಿ ವಿಲಿಯಂ ಬ್ಲೇಕ್. ಲಂಡನ್ನಿನಲ್ಲಿ 1757ರಲ್ಲಿ ಹುಟ್ಟಿ 1827ರಲ್ಲಿ ತೀರಿಕೊಂಡವನು. ತಂದೆ ಕಾಲುಚೀಲ ಮುಂತಾದವುಗಳ ಅಂಗಡಿ ಇಟ್ಟಿದ್ದವರು. ಬ್ಲೇಕ್ 14ನೆಯ ವಯಸ್ಸಿನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕೆಲಸ ಕಲಿಯಲು ಒಬ್ಬ ಕಸುಬುದಾರನ ಬಳಿ ಸೇರಿ, ಏಳು ವರ್ಷ ಕಲಿತು, ಬದುಕಿನುದ್ದಕ್ಕೂ ಅದರಿಂದಲೇ ಹೊಟ್ಟೆ ಹೊರೆದ. ತನ್ನ ಕವಿತೆಗಳನ್ನೂ ತಾನೇ ತಗಡಿನ ಮೇಲೆ ಬರೆದು, ಸುತ್ತ ಚಿತ್ರ ಬಿಡಿಸಿ, ಅಚ್ಚು ಹಾಕಿದ. ಅಚ್ಚಿನಲ್ಲೂ ಬಣ್ಣ ಹಚ್ಚುವುದರಲ್ಲೂ ಹೆಂಡತಿ ಕ್ಯಾಥರೀನ್ ಜೊತೆಯಾದಳು. ಮದುವೆಯಾದಾಗ ಆಕೆಗೆ ಓದು ಬರಹ ಬರುತ್ತಿರಲಿಲ್ಲ; ಕಲಿಸಿದವನು ಗಂಡನೇ. ಗಂಡ ಹೆಂಡಿರು ಕೂಡಿ ದುಡಿದ ಆ ಮನೆಯನ್ನು ಕಾಯಕದ ಮನೆ ಎಂದರೆ ನಮ್ಮ ಓದುಗರು ಒಪ್ಪುತ್ತಾರೆ.

ಆ ಕೈಯಚ್ಚಿನಲ್ಲೇ 1794ರಲ್ಲಿ ಬಂದದ್ದು 'ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್', ಅಂದರೆ ಅನುಭವದ ಹಾಡುಗಳು. ಅದರಲ್ಲಿರುವ 'ಎ ಪಾಯ್ಸನ್ ಟ್ರೀ', ವಿಷದ ಮರ, ಕೇವಲ 16 ಸಾಲಿನ ಪದ್ಯ. ಮಕ್ಕಳಿಗೂ ಅರ್ಥವಾಗುವಷ್ಟು ಸರಳ ಮಾತು.

ಒಬ್ಬನಿಗೆ ಗೆಳೆಯನ ಮೇಲೆ ಸಿಟ್ಟು ಬಂತು. ಗೆಳೆಯನಿಗೇ ಹೇಳಿದ; ಸಿಟ್ಟು ಮುಗಿಯಿತು. ಇನ್ನೊಬ್ಬನ ಮೇಲೂ ಸಿಟ್ಟು ಬಂತು. ಅವನು ಹಗೆ. ಅವನಿಗೆ ಹೇಳಲಿಲ್ಲ; ಸಿಟ್ಟು ಬೆಳೆಯಿತು. ಅಂಜಿಕೆಯಿಂದ, ಕಣ್ಣೀರಿನಿಂದ ಹಗಲಿರುಳು ಅದಕ್ಕೆ ನೀರುಣಿಸಿದ. ಮುಗುಳ್ನಗೆಯನ್ನೂ ಮೋಸದ ಸವಿಮಾತನ್ನೂ ಬಿಸಿಲಾಗಿ ಕೊಟ್ಟ. ಸಸಿ ಮರವಾಯಿತು, ಮರದಲ್ಲಿ ಹೊಳೆಯುವ ಸೇಬು ಬಿಟ್ಟಿತು. ಹಗೆ ಅದನ್ನು ಕಂಡ, ಅದು ಯಾರದೆಂದೂ ಅರಿತ. ಕತ್ತಲೆಯಲ್ಲಿ ತೋಟಕ್ಕೆ ನುಗ್ಗಿದ. ಬೆಳಗಾದಾಗ ಮರದ ಕೆಳಗೆ ಅವನ ಹೆಣ ಬಿದ್ದಿತ್ತು. ಅದನ್ನು ನೋಡಿ ತೋಟದ ಒಡೆಯನಿಗೆ ಸಂತೋಷವಾಯಿತು. ಅಲ್ಲಿಗೆ ಪದ್ಯ ಮುಗಿಯುತ್ತದೆ. ಕೊನೆಗೆ ನೀತಿ ಹೇಳುವ ಸಾಲೊಂದೂ ಇಲ್ಲ.

ಓದಿ ಮುಗಿಸಿದವರು ಸಾಮಾನ್ಯವಾಗಿ ಕೇಳುವುದು: ತಪ್ಪು ಯಾರದು? ಕಳ್ಳತನಕ್ಕೆ ಬಂದವನು ಸತ್ತ, ಒಡೆಯನೇನೂ ಕತ್ತಿ ಹಿಡಿಯಲಿಲ್ಲವಲ್ಲ? ಈ ಪದ್ಯದ ಭಯ ಇರುವುದೇ ಇಲ್ಲಿ. ಅವನು ಕೈ ಎತ್ತಲಿಲ್ಲ, ಬೈಯಲಿಲ್ಲ. ಊರವರು ಕೇಳಿದರೆ, "ಆತ ಎಷ್ಟು ಒಳ್ಳೆಯವನು, ಹಗೆಯ ಜೊತೆಗೂ ನಗುತ್ತ ಮಾತನಾಡುತ್ತಿದ್ದ" ಎಂದೇ ಹೇಳುತ್ತಾರೆ. ಆದರೂ ಹೆಣ ಬಿದ್ದಿದೆ, ಅದನ್ನು ಕಂಡು ಒಬ್ಬ ಮನುಷ್ಯ ಹಿಗ್ಗುತ್ತಿದ್ದಾನೆ. ಸತ್ತವನು ಒಬ್ಬನೇ ಅಲ್ಲ. ಹೆಣ ಕಂಡು ಹಿಗ್ಗುವವನೊಳಗೂ ಏನೋ ಸತ್ತಿದೆ.

ಇನ್ನೊಂದನ್ನು ಗಮನಿಸಬೇಕು. ಗೆಳೆಯನ ಮೇಲೆ ಬಂದ ಸಿಟ್ಟಿಗೂ ಹಗೆಯ ಮೇಲೆ ಬಂದ ಸಿಟ್ಟಿಗೂ ಕವಿ ಬೇರೆ ಬೇರೆ ಹೆಸರು ಕೊಟ್ಟಿಲ್ಲ. ಎರಡೂ ಒಂದೇ ಸಿಟ್ಟು. ಒಂದನ್ನು ಹೇಳಲಾಯಿತು, ಇನ್ನೊಂದನ್ನು ಹೇಳಲಿಲ್ಲ. ಹಗೆಗೂ ಹೇಳಿದ್ದರೆ ಅವನು ಹಗೆಯಾಗಿಯೇ ಉಳಿಯುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು?

ಕವಿಯ ಟಿಪ್ಪಣಿ ಪುಸ್ತಕದ ಕರಡಿನಲ್ಲಿ ಈ ಪದ್ಯಕ್ಕೆ ಮೊದಲು ಇದ್ದ ಹೆಸರು ಬೇರೆ: 'ಕ್ರಿಶ್ಚಿಯನ್ ಫರ್ಬೇರೆನ್ಸ್', ಕ್ರೈಸ್ತ ತಾಳ್ಮೆ. ಇದನ್ನು ತಿಳಿದ ಮೇಲೆ ಪದ್ಯ ಚುಚ್ಚುವ ಜಾಗ ತಿಳಿಯುತ್ತದೆ. ಬ್ಲೇಕ್ ನಾಸ್ತಿಕನಲ್ಲ, ಬೈಬಲನ್ನು ಬದುಕಿನುದ್ದಕ್ಕೂ ಓದಿದವನು, ಅದರ ಚಿತ್ರಗಳನ್ನು ಬರೆದವನು. ಆದರೆ ತನ್ನ ಸುತ್ತಲಿನ ಧರ್ಮನಿಷ್ಠರು ಯಾವುದನ್ನು ತಾಳ್ಮೆ ಎಂದು ಕರೆದುಕೊಳ್ಳುತ್ತಿದ್ದರೋ, ಅದರ ಬುಡದಲ್ಲಿ ವಿಷವಿರಬಹುದು ಎಂಬುದನ್ನು ಅವನು ಕಂಡಿದ್ದ. ಅವನು ತನ್ನವರಿಗೆ ಕೇಳಿದ್ದನ್ನು ನಾವು ನಮ್ಮವರಿಗೆ ಕೇಳಿಕೊಳ್ಳಬಹುದು. ಶರಣರ ಹೆಸರಿನಲ್ಲಿ ನಾವು ತೋರಿಸುವ ತಾಳ್ಮೆಯ ಬುಡದಲ್ಲಿ ಏನಿದೆ?

ಬಸವಣ್ಣನವರು ಹೇಳಿದ್ದೇನು?

ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. ಬಸವಣ್ಣನವರು ಸಿಟ್ಟು ಬೇಡ ಎಂದರು. ಬ್ಲೇಕ್ ಸಿಟ್ಟನ್ನು ಹೇಳು ಎಂದ. ಇವರಿಬ್ಬರಲ್ಲಿ ಯಾರ ಮಾತು ಕೇಳಬೇಕು?

ಬಸವಣ್ಣನವರ ಏಳು ಸೂತ್ರಗಳ ವಚನ ನಮ್ಮೆಲ್ಲರಿಗೂ ಬಾಯಿಪಾಠ. ಅದರ ಕ್ರಮವನ್ನು ಒಮ್ಮೆ ನೆನೆಯಿರಿ. ಸಿಟ್ಟನ್ನು ಬಿಡಬೇಕೆಂಬುದು ಅದರಲ್ಲಿ ನಾಲ್ಕನೆಯದು. ಅದಕ್ಕಿಂತ ಮೊದಲು, ಮೂರನೆಯದಾಗಿ ಬರುವುದು ಸುಳ್ಳಾಡಬಾರದೆಂಬ ಮಾತು. ಒಳಗೆ ಕುದಿಯುತ್ತ ಹೊರಗೆ ನಕ್ಕವನು ನಾಲ್ಕನೆಯದನ್ನು ಪಾಲಿಸಿದ ಹಾಗೆ ಕಾಣುತ್ತಾನೆ; ನಿಜವಾಗಿ ಮೂರನೆಯದನ್ನೂ ಮುರಿದಿದ್ದಾನೆ, ನಾಲ್ಕನೆಯದನ್ನೂ ಉಳಿಸಿಕೊಂಡಿಲ್ಲ. ಇನ್ನೂ ಮುಂದೆ ಹೋಗಿ, ಎದುರಿಗೆ ಹೇಳದ ಮಾತನ್ನು ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರಿಗೆ ಹೇಳಿದರೆ, ಪರನಿಂದೆ ಬೇಡವೆನ್ನುವ ಏಳನೆಯದೂ ಹೋಯಿತು. ಆ ವಚನ ಕೊನೆಗೆ ಒಳಗಿನ ಶುದ್ಧಿ, ಹೊರಗಿನ ಶುದ್ಧಿ ಎರಡನ್ನೂ ಹೇಳುತ್ತದೆ. ಹೊರಗಷ್ಟೇ ಶುದ್ಧವಾಗಿ ಕಾಣುವುದು ಅದಕ್ಕೆ ಸಾಲದು.

ಸಿಟ್ಟಿನ ಬಗ್ಗೆಯೇ ಬಸವಣ್ಣನವರ ಇನ್ನೊಂದು ವಚನವಿದೆ. ಮನೆಗೆ ಹತ್ತಿದ ಬೆಂಕಿಯ ಹೋಲಿಕೆ ಕೊಟ್ಟು, ಮುನಿದವನ ಮೇಲೆ ತಿರುಗಿ ಮುನಿದರೆ ಮೊದಲು ಸುಟ್ಟುಕೊಳ್ಳುವವನು ತಾನೇ ಎಂದು ಅಲ್ಲಿ ಎಚ್ಚರಿಸುತ್ತಾರೆ. ಈ ವಚನವನ್ನು ನಾವು ಎಷ್ಟೋ ಸಲ ಬಾಯಿ ಮುಚ್ಚಿಸಲು ಬಳಸಿದ್ದೇವೆ. ಬೆಂಕಿ ಹತ್ತಿದಾಗ ಮನೆಯವರು ಏನು ಮಾಡುತ್ತಾರೆ? ಬಾಗಿಲು ಮುಚ್ಚಿ, ಏನೂ ಆಗಿಲ್ಲವೆಂದು ಹೊರಗೆ ರಂಗೋಲಿ ಹಾಕಿ ಕೂರುವುದಿಲ್ಲ. ಬಾಗಿಲು ತೆರೆದು, ಕೂಗಿ, ನೀರು ತಂದು ಆರಿಸುತ್ತಾರೆ. ಬಸವಣ್ಣನವರು ಆರಿಸು ಎಂದರು, ಮುಚ್ಚಿಡು ಎನ್ನಲಿಲ್ಲ.

ಸ್ವತಃ ಬಸವಣ್ಣನವರು ಬಾಯಿ ಕಟ್ಟಿ ಕುಳಿತವರೇ? ಯಜ್ಞದ ಪ್ರಾಣಿಬಲಿಯನ್ನು, ಕುಲದ ಸೊಕ್ಕನ್ನು, ಕಲ್ಲಿನ ಹಾವಿಗೆ ಹಾಲೆರೆದು ನಿಜದ ಹಾವನ್ನು ಕೊಲ್ಲುವ ಭಕ್ತಿಯನ್ನು ಅವರು ನೇರವಾಗಿ, ಕಟುವಾಗಿ ಕೇಳಿದರು. ಅಂಬಿಗರ ಚೌಡಯ್ಯನವರ ವಚನಗಳನ್ನಂತೂ ಮೆಲುದನಿಯಲ್ಲಿ ಓದಲು ಬರುವುದೇ ಇಲ್ಲ. ಹೀಗಾಗಿ ಬಸವಣ್ಣನವರೂ ಬ್ಲೇಕನೂ ಎದುರುಬದುರು ನಿಂತಿಲ್ಲ. ಸಿಟ್ಟಿಲ್ಲದಿರುವುದು ಬೇರೆ, ಸಿಟ್ಟನ್ನು ಬಚ್ಚಿಡುವುದು ಬೇರೆ. ಮೊದಲನೆಯದು ಸಾಧನೆ, ಎರಡನೆಯದು ಬೇಸಾಯ. ನೀರು, ಬಿಸಿಲು ಕೊಟ್ಟು ಬೆಳೆಸುವ ವಿಷದ ಬೇಸಾಯ.

ಹೇಳಿ ಮುಗಿಸಿದವರು

ಶರಣರ ಬದುಕಿನಲ್ಲಿ ಈ ಹೇಳಿ ಮುಗಿಸುವ ದಾರಿ ಹೇಗಿತ್ತೆಂಬುದಕ್ಕೆ ಎರಡು ಪ್ರಸಂಗಗಳನ್ನು ನೆನೆಯುತ್ತೇನೆ.

ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ ಸುಮ್ಮನಿರಬಹುದಿತ್ತು. ಹೆಚ್ಚಿನದನ್ನು ಗಡಿಗೆಗೆ ತುಂಬಿ, ಗಂಡನ ಮೇಲೆ ಒಳಗೇ ಕುದಿಯುತ್ತ, ಊಟಕ್ಕೆ ಬಡಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಇದು ಆಸೆಯಲ್ಲವೇ ಎಂದು ನಿಲ್ಲಿಸಿ ಕೇಳಿದಳು, ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಿದಳು. ಅವಳ ಮಾತಿನಲ್ಲಿ ಬಸವಣ್ಣನವರಿಗೂ ಪ್ರಶ್ನೆಯಿತ್ತು. ಮಾರಯ್ಯ ಮುನಿಯಲಿಲ್ಲ, ಅಕ್ಕಿಯನ್ನು ಹೊತ್ತು ಹಿಂದಿರುಗಿದ. ಮಾತು ಅಲ್ಲಿಗೆ ಮುಗಿಯಿತು, ದಾಂಪತ್ಯ ಮುಂದೆ ನಡೆಯಿತು.

ಎರಡನೆಯದು ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗ. ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಕಟುವಾದ ಮಾತಿನಿಂದ ಕೆಣಕುತ್ತಾರೆ. ಕೆಲಸದವರು ಕಲ್ಲು ಬೀರುತ್ತಾರೆ. ಸಿದ್ಧರಾಮರು ಕೆರಳಿ ಬಂದು ಹಣೆಗಣ್ಣನ್ನೇ ತೆರೆಯುತ್ತಾರೆ. ಅಲ್ಲಮರು ಆ ಉರಿಗೆ ಬೆದರಿ ಓಡಲಿಲ್ಲ. ಉರಿಯನ್ನು ತಣಿಸಿ ಮಾತಿಗೆ ಕುಳಿತರು. ಆ ಮಾತಿನ ಕೊನೆಗೆ ಸಿದ್ಧರಾಮರು ಕಲ್ಯಾಣದ ದಾರಿ ಹಿಡಿದರು. ಅಂದು ಅವರು ನಕ್ಕು, ಹಾರ ಹಾಕಿ, ಹಿಂದಿನಿಂದ ಹಲ್ಲು ಕಡಿದಿದ್ದರೆ ಈ ದಾರಿ ತೆರೆಯುತ್ತಿತ್ತೇ?

ಇದರ ಎದುರಿಗೆ ಕಲ್ಯಾಣದ ಕೊನೆಯ ದಿನಗಳನ್ನು ಇಟ್ಟು ನೋಡಿ. ಬಸವಣ್ಣನವರ ಎದುರು ನಿಂತು ವಾದಿಸಲಾರದವರು ಬಿಜ್ಜಳನ ಕಿವಿ ಊದಿದರೆಂದು ನಮ್ಮ ಪುರಾಣಗಳೂ ಜನಪದರೂ ಹೇಳುತ್ತ ಬಂದಿದ್ದಾರೆ. ಎದುರಿಗೆ ಆಡದೆ ಒಳಗೊಳಗೇ ಬೆಳೆಸಿದ ದ್ವೇಷದ ಹಣ್ಣು ಯಾರ ಯಾರ ತಲೆಯ ಮೇಲೆ ಬಿತ್ತೆಂಬುದು ನಮಗೆ ಗೊತ್ತು.

ನಮ್ಮ ಮನೆಗಳ ತೋಟ

ಈಗ ನಮ್ಮ ತೋಟಗಳನ್ನು ನೋಡಿಕೊಳ್ಳೋಣ. ಹೊಲದ ಬದುವಿಗಾಗಿ ಅಣ್ಣ ತಮ್ಮಂದಿರು ಕೋರ್ಟಿನಲ್ಲಿದ್ದಾರೆ; ಜಾತ್ರೆಯ ತೇರಿನ ಹಗ್ಗವನ್ನು ಅಕ್ಕಪಕ್ಕ ನಿಂತು ಎಳೆಯುತ್ತಾರೆ, ಪ್ರಸಾದಕ್ಕೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಹತ್ತು ವರ್ಷದಿಂದ ಆ ಬದುವಿನ ಬಗ್ಗೆ ಒಂದು ಮಾತನ್ನೂ ಎದುರುಬದುರು ಆಡಿಲ್ಲ. ಒಳಪಂಗಡಗಳ ಮಾತು ಬಂದಾಗ ವೇದಿಕೆಯ ಮೇಲೆ "ನಾವೆಲ್ಲ ಬಸವಣ್ಣನ ಮಕ್ಕಳು" ಎನ್ನುತ್ತೇವೆ, ಮನೆಗೆ ಬಂದು ಸಂಬಂಧ ನೋಡುವಾಗ ಹಳೆಯ ಲೆಕ್ಕ ತೆಗೆಯುತ್ತೇವೆ. ಟ್ರಸ್ಟಿನ ಸಭೆಯಲ್ಲಿ "ಸರ್ವಾನುಮತದಿಂದ" ಎಂದು ಬರೆದುಕೊಳ್ಳುತ್ತೇವೆ. ಹೊರಗೆ ಚಹಾದಂಗಡಿಯಲ್ಲಿ ಇನ್ನೊಂದು ಸಭೆ ನಡೆಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. "ಸಿಟ್ಟನ್ನು ಹೇಳಿ ಮುಗಿಸಿ" ಎನ್ನುವ ಬುದ್ಧಿಮಾತು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ಬ್ಲೇಕನ ಪದ್ಯದಲ್ಲಿ ಸಿಟ್ಟಾದವನು ತೋಟದ ಒಡೆಯ. ತೋಟವೇ ಇಲ್ಲದವರ ಗತಿಯೇನು? ಸೊಸೆ ಅತ್ತೆಗೆ, ಕೂಲಿಯವನು ಗೌಡನಿಗೆ, ಮಠದ ಅಡುಗೆಯವನು ಆಡಳಿತಾಧಿಕಾರಿಗೆ, ಹೊರಗೆ ನಿಲ್ಲಿಸಿದವರು ಒಳಗೆ ಕೂತವರಿಗೆ ಸಿಟ್ಟನ್ನು ಹೇಳಿದರೆ, ಸಿಟ್ಟಿನ ಜೊತೆಗೆ ಅನ್ನವೂ ಮುಗಿಯಬಹುದು. ಅಂಥವರು ನುಂಗಿಕೊಂಡದ್ದನ್ನು ಅವರ ತಪ್ಪು ಎನ್ನುವುದು ಅನ್ಯಾಯ. ಅವರು ನುಂಗಿಕೊಂಡದ್ದನ್ನು ಕಂಡು "ಎಷ್ಟು ಸಂಸ್ಕಾರವಂತರು" ಎಂದು ಹೊಗಳುವುದು ಇನ್ನೂ ದೊಡ್ಡ ಅನ್ಯಾಯ.

ಆದ್ದರಿಂದ ಹೊಣೆ ಮೊದಲು ಕೇಳಿಸಿಕೊಳ್ಳಬೇಕಾದವರದು. ಅನುಭವ ಮಂಟಪದ ಹಿರಿಮೆ ಅಲ್ಲಿ ಒಳ್ಳೆಯ ಮಾತುಗಳು ಬಂದವು ಎಂಬುದಷ್ಟೇ ಅಲ್ಲ. ಮಾತೇ ಆಡಬಾರದೆಂದು ಊರು ಹೇಳಿದ್ದವರಿಗೆ ಅಲ್ಲಿ ಕೂರಲು ಜಾಗ ಸಿಕ್ಕಿತು, ಕೇಳುವ ಕಿವಿ ಸಿಕ್ಕಿತು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಸೂಳೆ ಸಂಕವ್ವೆ ಮಾತನಾಡಿದರು. ವಚನ ಬರೆದ ಹೆಣ್ಣುಮಕ್ಕಳೇ 30ಕ್ಕೂ ಹೆಚ್ಚು. ಅಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮರು ಮುಲಾಜಿಲ್ಲದೆ ಪ್ರಶ್ನಿಸಿದರು. ಅಕ್ಕ ಅಳುಕದೆ ಉತ್ತರಿಸಿದಳು. ಕೇಳಿದವರೂ ಉತ್ತರಿಸಿದವರೂ ಒಂದೇ ಕಡೆ ಉಳಿದರು.

ಹೇಳುವವರಿಗೂ ಒಂದು ಹದ ಬೇಕು. ಸಿಟ್ಟು ಹೇಳುವುದೆಂದರೆ ನಾಲಗೆ ಸಡಿಲ ಬಿಡುವುದಲ್ಲ. ಯಾರ ಮೇಲೆ ಸಿಟ್ಟೋ ಅವರಿಗೇ ಹೇಳಬೇಕು, ಅವರ ನೆರೆಯವರಿಗಲ್ಲ. ನಡೆದ ಸಂಗತಿಯನ್ನು ಹೇಳಬೇಕು, ಅವರ ಕುಲ, ಮನೆತನ, ಹಳೆಯ ತಪ್ಪುಗಳ ಪಟ್ಟಿಯನ್ನಲ್ಲ. ಬೇಗ ಹೇಳಬೇಕು, ಸಸಿಯನ್ನು ಬೆರಳಿನಿಂದ ಕೀಳಬಹುದು, ಮರಕ್ಕೆ ಕೊಡಲಿ ಬೇಕು. ಹೇಳಿದ ಮೇಲೆ ಅವರ ಉತ್ತರವನ್ನು ಪೂರ್ತಿ ಕೇಳಬೇಕು. ಎಷ್ಟೋ ಸಲ ನಮ್ಮ ಸಿಟ್ಟಿನ ಕಾರಣವೇ ತಪ್ಪು ತಿಳಿವಳಿಕೆ ಎಂಬುದು ಅಲ್ಲೇ ಬಯಲಾಗುತ್ತದೆ. ಇವಿಷ್ಟು ಆದ ಮೇಲೂ ಉಳಿಯುವ ಉರಿಯನ್ನು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ನಾವೇ ನೋಡಿಕೊಳ್ಳಬೇಕು. ಅಂಗೈಯ ಲಿಂಗದ ಎದುರು ಹುಸಿನಗೆ ನಡೆಯುವುದಿಲ್ಲ.

ಖಾನೆಯಲ್ಲಿದ್ದ ಪತ್ರ

ಕಳೆದ ವಾರ ಆ ಹಿರಿಯರ ಮನೆಗೆ ಹೋದೆ. ಕೂತು, ನೀರು ಕುಡಿದು, ಹೇಳಿಯೇಬಿಟ್ಟೆ: "ಗುರುಗಳೇ, ನಿಮ್ಮ ಪತ್ರ ಓದಿ ನನಗೆ ವಿಪರೀತ ಸಿಟ್ಟು ಬಂದಿತ್ತು. ನಿಮ್ಮ ಲೇಖನ ಬಿಟ್ಟದ್ದು ಸ್ಥಳಾಭಾವದಿಂದಲ್ಲ."

ಅವರು ಕನ್ನಡಕ ತೆಗೆದು ನಕ್ಕರು. "ಸಿಟ್ಟು ಬರಲಿ ಅಂತನ ಬರದಿದ್ದೆ ರೀ. ನೀವು ನಾಕು ಮಾತು ಬೈದು ಬರೀತೀರಿ, ನಾನೂ ಬರೀತೀನಿ, ಪತ್ರಿಕಾದಾಗ ಒಂದು ಚರ್ಚಾ ಆಗತದ ಅನ್ಕೊಂಡಿದ್ದೆ. ಬಂದದ್ದು ನೋಡಿದ್ರ ಬರೇ ಶರಣು ಶರಣಾರ್ಥಿ. ಅವತ್ತ ತಿಳೀತು, ಏನೋ ಕೆಟ್ಟದ ಅಂತ."

ಇಬ್ಬರೂ ಮಾತಿಗೆ ಇಳಿದೆವು. ಗೋಷ್ಠಿಗಳನ್ನು ಹೇಗೆ ಬದಲಿಸಬೇಕು, ಯಾರನ್ನು ಕರೆಯಬೇಕು ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಚಹಾ ತಂದಿಟ್ಟ ಅವರ ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕೊನೆಗೆ ಅಂದರು: "ಮಾತು ನಮ್ಮ ಬಗ್ಗೆ. ಆಡವರು ಈಗೂ ನೀವಿಬ್ಬರ." ನಾವಿಬ್ಬರೂ ತಲೆ ತಗ್ಗಿಸಿದೆವು. ಆ ತಾಯಿ ಎಷ್ಟು ವರ್ಷದಿಂದ ಆ ಮಾತನ್ನು ಇಟ್ಟುಕೊಂಡಿದ್ದರೋ ಏನೋ. ಅಂದು ಹೇಳಿದರು, ಕುರ್ಚಿ ಎಳೆದುಕೊಂಡು ಕೂತರು, ಚರ್ಚೆ ಮುಂದುವರಿಯಿತು.

ಆ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿಯಾಗಿ, ಒಂದು ಅಕ್ಷರವನ್ನೂ ತಿದ್ದದೆ ಪ್ರಕಟಿಸುತ್ತೇವೆ. ಅದರ ಜೊತೆಗೆ ಆ ತಾಯಿ ಬರೆಯುವ ಲೇಖನವೂ ಬರುತ್ತದೆ. ಇನ್ನು ಮೇಲೆ ಪ್ರತಿ ಸಂಚಿಕೆಯಲ್ಲೂ ಒಂದು ಪುಟವನ್ನು ಓದುಗರ ಅಸಮಾಧಾನಕ್ಕೆ ಮೀಸಲಿಡುತ್ತೇವೆ. ಮಠಗಳ ಬಗ್ಗೆ, ಸಂಘಟನೆಗಳ ಬಗ್ಗೆ, ಈ ಪತ್ರಿಕೆಯ ಬಗ್ಗೆ, ಸಂಪಾದಕನ ಬಗ್ಗೆ ನಿಮಗಿರುವ ಸಿಟ್ಟನ್ನು ಬರೆಯಿರಿ. ಹೆಸರು ಹಾಕಲು ಅಂಜಿಕೆಯಿದ್ದವರು ಹಾಗೆಂದು ತಿಳಿಸಿ; ಹೆಸರನ್ನು ನಮ್ಮಲ್ಲೇ ಇಟ್ಟುಕೊಳ್ಳುತ್ತೇವೆ. ನಮಗೆ ಸಿಟ್ಟು ಬಂದರೆ ನಾವೂ ಅದೇ ಪುಟದಲ್ಲಿ ಉತ್ತರಿಸುತ್ತೇವೆ.

ಮೊಮ್ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟೇ. ದಿನವೂ ನಾವು ಹಣೆಗೆ ಹಚ್ಚುವ ವಿಭೂತಿಯೂ ಬೂದಿಯೇ. ಆದರೆ ಅದು ಪೂರ್ತಿ ಬೆಂದು ಆರಿದ ಬೂದಿ. ಒಳಗೆ ಕಿಡಿಯಿಲ್ಲ, ಮುಟ್ಟಿದರೆ ತಂಪು. ಕೆಂಡವನ್ನು ಮುಚ್ಚಿದ ಬೂದಿಯೂ ನೋಡಲು ಹಾಗೆಯೇ ಬಿಳಿ, ಕೈಯಿಟ್ಟರೆ ಸುಡುತ್ತದೆ. ಬಸವಣ್ಣನವರು ನಮ್ಮಿಂದ ಬಯಸಿದ್ದು ಮೊದಲನೆಯದನ್ನು.